ಬಳಸತಕ್ಕದ್ದಲ್ಲ

ಹಳೆಯ ಟೇಪನ್ನು ಮೊದಲು ಬೇಯಿಸಬೇಕು.
ನಗಬೇಡಿ. ಹಣ್ಣು ಒಣಗಿಸುವ ಪೆಟ್ಟಿಗೆಯಲ್ಲಿ
ಐವತ್ತೈದು ಡಿಗ್ರಿಗೆ ಎಂಟು ಗಂಟೆ,
ನಡುವೆ ಒಮ್ಮೆ ಮಗ್ಗುಲು ಬದಲಿಸಿ.
ಇಲ್ಲವಾದರೆ ಅಂಟು ಬೆವರಿ
ಕಂದು ಪುಡಿಯಾಗಿ ಉದುರುತ್ತದೆ ಯಂತ್ರದ ತುಟಿಗೆ.
ಆ ಪುಡಿಯೇ ಹಾಡು.

ಗ್ರಿಮ್ಸ್‌ಬಿಯ ಮೀನುಕಟ್ಟೆಯ ಹಿಂದೆ ನನ್ನ ಅಂಗಡಿ.
ಗೋಡೆಯಾಚೆ ಹ್ಯಾಡಕ್ ಮೀನಿಗೆ ಹೊಗೆ ಹಾಕುತ್ತಾರೆ,
ಈಚೆ ನಾನು ದನಿಗಳಿಗೆ ಕಾವು ಕೊಡುತ್ತೇನೆ.
ಇಬ್ಬರದೂ ಕೆಡದಂತೆ ಇಡುವ ಕಸುಬೇ.

ಹದಿನಾಲ್ಕು ಸುರುಳಿ ಹೊತ್ತು ತಂದವನು ಆಮೋಸ್ ಡ್ರೂರಿ,
ಎಪ್ಪತ್ತೊಂದರಲ್ಲಿ ಬೇಸ್ ಗಿಟಾರ್ ಹಿಡಿದಿದ್ದವನು.
ಈಗ ಬಲಗಿವಿ ಪೂರಾ ಹೋಗಿದೆ, ಎಡಗಿವಿ ಅದರ ಮರ್ಜಿ.
'ಥರ್ಜಾ ಗಾರ್ಥಳವು' ಎಂದ,
ಸತ್ತವರ ಬಟ್ಟೆ ಒಪ್ಪಿಸುವವನ ಹಾಗೆ.
ಅವಳು ಸತ್ತಿಲ್ಲ.
ಮೂರು ಎಲ್‌ಪಿ ಮಾಡಿ ಸುಮ್ಮನಾದಳು, ಅಷ್ಟೆ.

ಮೂರನ್ನೂ ಬಲ್ಲೆ.
ಮೊದಲನೆಯದರಲ್ಲಿ ಬರೀ ಕಂಠ, ಒಂದು ಪಿಟೀಲು,
ಅಜ್ಜಿಯರಿಂದ ಕಲಿತದ್ದನ್ನು
ಸೊಂಟಕ್ಕೆ ಕೈಕೊಟ್ಟು ನಿಂತು ಒದರಿದ ಹಾಗೆ.
ಎರಡನೆಯದಕ್ಕೆ ಡ್ರಮ್ಸ್ ಬಂತು, ಕರೆಂಟು ಬಂತು;
ಹಳಬರು ಕ್ಲಬ್ಬಿನಿಂದ ಎದ್ದು ಹೋದರು,
ಬಿಯರ್ ಮಾತ್ರ ಮುಗಿಸಿಕೊಂಡು.
ಮೂರನೆಯದು ಸಮುದ್ರದ್ದು.
ಅದರ ಎರಡನೆಯ ಬದಿ, ಮೂರನೆಯ ಹಾಡು ಶುರುವಾಗುವ ಮೊದಲೇ
ಅಮ್ಮ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.
ಆ ಹಾಡಿನಲ್ಲಿ ಮುಳುಗುವ 'ನಾವಿಕನೊಬ್ಬ'ನಿಗೆ
ನಮ್ಮ ಬೀದಿಯಲ್ಲಿ ಮನೆಗೊಂದು ಹೆಸರಿತ್ತು.

ಏಳನೆಯ ಡಬ್ಬಿಯ ಬೆನ್ನಿಗೆ ಕೆಂಪು ಪೆನ್ಸಿಲಿನಲ್ಲಿ:
ಟೇಕ್ ನಾಲ್ಕು. ಬಳಸತಕ್ಕದ್ದಲ್ಲ.

ಹಾಕಿದೆ.
ಕುರ್ಚಿಯ ಕಿರುಗು. ಯಾರೋ ಬಿಸ್ಕತ್ತು ಕಡಿದದ್ದು.
ಹೊರಗೆ ಓಣಿಯಲ್ಲಿ ಹಿಂದಕ್ಕೆ ಬರುವ ಕಲ್ಲಿದ್ದಲ ಲಾರಿ.
ಒಂದು, ಎರಡು, ಮೂರು,
ಆಮೇಲೆ ಅವಳು.
ನಾಲ್ಕನೆಯ ಪಲುಕಿಗೆ, 'ನಾವಿಕನೊಬ್ಬ' ಬರಬೇಕಾದಲ್ಲಿ,
'ಕ್ಲೆಮ್' ಎಂದಳು.
ಹಾಡಲಿಲ್ಲ, ಕರೆದಳು,
ಊಟಕ್ಕೆ ಕರೆದ ಹಾಗೆ.

ಡ್ರಮ್ಮು ಅರಿವಾಗದೆ ನಾಲ್ಕು ಹೆಜ್ಜೆ ಮುಂದೆ ನಡೆದು
ಸೂತಕದ ಮನೆಗೆ ಜೋರಾಗಿ ಮಾತಾಡುತ್ತ ಹೊಕ್ಕವನಂತೆ
ತಟ್ಟನೆ ನಿಂತಿತು.
ನಲವತ್ತು ಸೆಕೆಂಡು ಟೇಪು ಓಡುತ್ತದೆ, ಅಷ್ಟೆ.
ಕೋಣೆ ಉಸಿರಾಡುವುದು ಕೇಳುತ್ತದೆ.
ಗಾಜಿನಾಚೆಯಿಂದ ಒಬ್ಬ ಸಭ್ಯಸ್ಥ:
'ಚೆನ್ನಾಗಿತ್ತು, ಇನ್ನೊಂದು ಸಲ ನೋಡೋಣವೆ?'
ಐದನೆಯ ಟೇಕಿನಲ್ಲಿ ನಾವಿಕನೊಬ್ಬನೇ ಮುಳುಗಿದ.
ಇಂಗ್ಲೆಂಡು ಕೇಳಿದ್ದು ಅದನ್ನು.

'ಅವಳ ಅಣ್ಣ' ಎಂದ ಆಮೋಸ್, ಎಡಗಿವಿ ಸ್ಪೀಕರಿಗೆ ಆನಿಸಿ.
'ಎರಡು ಚಳಿಗಾಲ ಮೊದಲು, ಐಸ್ಲೆಂಡಿನ ಆಚೆ.
ನಾನು ಆಗ ತಲೆತಗ್ಗಿಸಿ
ತಂತಿ ಬಿಗಿಯುವ ನಾಟಕವಾಡಿದೆ.'

ಐವತ್ತು ವರ್ಷದ ನೆನಪಿಗೆ ಪೆಟ್ಟಿಗೆ ಮಾಡುತ್ತದಂತೆ ಕಂಪನಿ.
ಇಂಥದೇ ಬೇಕು ಅವರಿಗೆ, ಕಳೆದುಹೋದ ನಿಧಿ.
ನಾನು ಅವಳಿಗೆ ಕಾಗದ ಬರೆದೆ.

ಲೌತ್‌ನಿಂದ ಬಸ್ಸಿನಲ್ಲಿ ಬಂದಳು,
ಉಗುರಲ್ಲಿ ಮಣ್ಣು, ಕೈಯಲ್ಲಿ ಲೀಕ್ ಸಸಿಗಳ ತಟ್ಟೆ.
ಹೆಡ್‌ಫೋನ್ ಹಾಕಿಕೊಂಡು ಕೋಟು ಬಿಚ್ಚದೆ ಕೂತಳು,
ಆ ನಲವತ್ತು ಸೆಕೆಂಡನ್ನೂ ಪೂರ್ತಿ ಕೇಳಿದಳು.
'ಹೆಸರಿನ ಮೇಲೆ ಶ್ರುತಿ ಇಳಿದಿದೆ' ಎಂದಳು.
ಸ್ವಲ್ಪ ಹೊತ್ತು ಬಿಟ್ಟು, 'ಇನ್ನೊಮ್ಮೆ ಹಾಕು.'
ಪ್ರತಿ ಮಾಡಿಟ್ಟಿದ್ದೇನೆ, ಅದನ್ನೇ ಹಾಕಲೆ ಎಂದೆ.
ಬೇಡ, ಇದನ್ನೇ.
ಹಾಕಿದೆ. ಚೂರು ಕಂದು ಉದುರಿತು.

ಕಂಪನಿಗೆ ಏನು ಬರೆಯಲಿ?
'ಡಬ್ಬಿಯ ಮೇಲೆ ಬರೆದಿದೆಯಲ್ಲ.
ಅದು ನನ್ನದೇ ಅಕ್ಷರ.'

ಬಸ್ಸಿಗೆ ಇನ್ನೂ ಹನ್ನೆರಡು ನಿಮಿಷವಿತ್ತು.
ಸಸಿ ನನಗೆಂದೇ ತಂದದ್ದಂತೆ. ನೆಡುವ ಕ್ರಮ ಹೇಳಿಕೊಟ್ಟಳು:
ಗೇಣು ಆಳಕ್ಕೆ ತೂತು ಮಾಡು, ಒಳಗೆ ಇಳಿಬಿಡು,
ಮಣ್ಣು ಮುಚ್ಚಬೇಡ,
ನೀರು ಹೊಯ್ಯಿ, ಸಾಕು.